ಖಣದ ಪಟ್ಟಿಯ ವಾಚು

ನಲವತ್ತೈದು ತುಂಬುವುದರೊಳಗೆ ನಾನು ಆಯಿ ಆಗಿಬಿಟ್ಟೆ. ಈ ಸುದ್ದಿ ಹಾಲಿನವನಿಗೆ ಹೇಳಿದೆ, ಹೂ ಮಾರುವವಳಿಗೆ ಹೇಳಿದೆ, ಸಪ್ತಾಪುರದ ಈ ಮನೆಗೆ ರೊಟ್ಟಿ ಕಟ್ಟಿಸಿಕೊಳ್ಳಲು ಬರುವ ಕಾಲೇಜಿನ ಹುಡುಗಿಯರಿಗೆ ಒಬ್ಬೊಬ್ಬರಿಗೂ ಎರಡೆರಡು ಸಲ ಹೇಳಿದೆ. ಮೊಮ್ಮಗಳಿಗೆ ಮೊನ್ನೆ ಎರಡು ತಿಂಗಳು ತುಂಬಿತು. ಅವಳು ಮುಷ್ಟಿ ಬಿಚ್ಚಿದರೆ ನನಗೆ ಹಬ್ಬ, ಆಕಳಿಸಿದರೆ ಹಬ್ಬ, ಸೀನಿದರೂ ಹಬ್ಬವೇ. ಮಗಳು ಬೈಯುತ್ತಾಳೆ, ನೋಡಿ ನೋಡಿ ಕೂಸಿಗೆ ದೃಷ್ಟಿ ಆಗತೈತಿ ಅಂತ. ಆದರೆ ಆಗಲಿ, ತೆಗೆಯುವವಳೂ ನಾನೇ. ಕೂಸು ಅತ್ತಾಗ ನನ್ನ ಹತ್ತಿರ ಒಂದು ಮದ್ದಿದೆ. ಚಾವಿ ಕೊಡುವ ಹಳೆಯ ಕೈವಾಚೊಂದನ್ನು ಅವಳ ಕಿವಿಯ ಹತ್ತಿರ ಹಿಡಿಯುತ್ತೇನೆ. ಟಿಕ್ ಟಿಕ್ ಕೇಳಿದ ಕೂಡಲೇ ಅಳು ನಿಲ್ಲಿಸಿ, ಹುಬ್ಬು ಗಂಟು ಹಾಕಿ, ಯಾರದೋ ದೂರು ಕೇಳುವ ಪಂಚರ ಹಾಗೆ ಗಂಭೀರವಾಗಿ ಕೇಳುತ್ತಾಳೆ. ಹೋದ ವಾರ ಅಳಿಯ ಅದನ್ನು ನೋಡುತ್ತ ಕುಳಿತಿದ್ದವನು ಹೇಳಿದ:

"ಅತ್ತೀ, ಈ ವಾಚ್ ದಿನಾ ಹತ್ತು ನಿಮಿಷ ಹಿಂದ ಬೀಳತೈತ್ರಿ. ಇಂಥಾ ಹಳೇವು ರಿಪೇರಿ ಮಾಡಾವರು ಅದಾರಂತ. ಪಾರ್ಸಲ್ ಮಾಡಿ ಕಳಸೂಣೇನ್ರಿ?"

"ಬ್ಯಾಡಪಾ. ಅದು ಒಂದ ಸಲ ಹೋಗಿ ಬಂದೈತಿ. ಸಾಕು."

ಅವನು ನಕ್ಕ. ಆದರೆ ಅವತ್ತಿನಿಂದ ನನ್ನ ಮನಸ್ಸು ಸುಮ್ಮನಾಗಿಲ್ಲ. ಅದಕ್ಕೇ ಬರೆಯಲು ಕುಳಿತೆ. ಬರೆಯುವುದು ನನಗೆ ರೊಟ್ಟಿ ಬಡಿದಷ್ಟು ಸಲೀಸಲ್ಲ. ಸಾಲೆಯನ್ನು ಆರನೇ ಇಯತ್ತೆಯಲ್ಲೇ ಅರ್ಧಕ್ಕೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದರೆ ಮಗಳು ತಿದ್ದುತ್ತಾಳೆ. ಇದ್ದದ್ದು ಇದ್ದ ಹಾಗೆ ಹೇಳುವುದು ಮಾತ್ರ ನನ್ನ ಕೆಲಸ.

ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ಅಂಚಿನ ಗಬ್ಬೂರಿನಲ್ಲಿ. ಒಂದು ಬದಿಗೆ ಬೈಪಾಸಿನ ಲಾರಿಗಳ ಸಪ್ಪಳ, ಇನ್ನೊಂದು ಬದಿಗೆ ಜೋಳದ ಹೊಲ, ನಡುವೆ ನಮ್ಮ ಮನೆ. ಎರಡೇ ಖೋಲಿ. ಮುಂದಿನದು ಪಡಸಾಲೆ, ಅಲ್ಲಿ ಅಪ್ಪನ ಸೈಕಲ್ಲು, ಜೋಳದ ಚೀಲ, ಅವ್ವನ ಹೊಲಿಗೆ ಮಷೀನು. ಹಿಂದಿನದು ಅಡುಗೆಮನೆ, ಅದರ ಮೂಲೆಯಲ್ಲಿ ಬಚ್ಚಲು, ಗೋಡೆಯೊಳಗೆ ದೇವರ ಮಾಡ. ಹಂಚಿನ ನಡುವೆ ಒಂದು ಗಾಜಿನ ಹಂಚು ಕೂಡಿಸಿದ್ದರು. ಅದರಿಂದ ಇಳಿದ ಬಿಸಿಲು ದಿನವಿಡೀ ನೆಲದ ಮೇಲೆ ಮೆಲ್ಲಗೆ ಸರಿಯುತ್ತ ಹೋಗುತ್ತಿತ್ತು. ಎರಡು ಖೋಲಿಗಳ ನಡುವಿನ ಬಾಗಿಲ ಪಕ್ಕ ಒಂದು ಗೂಟ, ಆ ಗೂಟಕ್ಕೆ ಈ ವಾಚು. ಇದು ಉಪ್ಪಿನಬೆಟಗೇರಿಯ ನಮ್ಮ ಮುತ್ಯಾನದು, ಅಪ್ಪನ ಅಪ್ಪನದು. ಯಾರೋ ಹತ್ತಿ ವ್ಯಾಪಾರಿ ಮುತ್ಯಾನ ಪ್ರಾಮಾಣಿಕತೆಗೆ ಮೆಚ್ಚಿ ತಮ್ಮ ಕೈಯಿಂದಲೇ ಬಿಚ್ಚಿ ಕೊಟ್ಟರಂತೆ. ಅದರ ಬಿಳಿ ಮುಖ ಹಳತಾಗಿ ಎಮ್ಮೆ ತುಪ್ಪದ ಬಣ್ಣಕ್ಕೆ ತಿರುಗಿತ್ತು. ನಾಲ್ಕರ ಅಂಕಿಯ ಪಕ್ಕ ಒಂದು ಕಂದು ಮಚ್ಚೆ, ಗಲ್ಲದ ಮೇಲಿನ ಮಚ್ಚೆಯ ಹಾಗೆ. ಅಪ್ಪ ಅದನ್ನು ಕಟ್ಟಿಕೊಂಡು ಹತ್ತಿಯ ಬೀಜ ಬಿಡಿಸುವ ಜಿನ್ನಿನ ಮಿಲ್ಲಿಗೆ ಹೋಗುತ್ತಿದ್ದ. ಒಂದು ಸಲ ಚರ್ಮದ ಪಟ್ಟಿ ಹರಿಯಿತು. ಅವ್ವ ಓಣಿಯವರ ಕುಪ್ಪಸ ಹೊಲಿಯುವವಳು. ಮಿಕ್ಕಿದ ಖಣದ ಚೂರು, ಕೆಂಪು ಅಂಚಿನ ಹಸಿರು ಖಣ, ಅದನ್ನು ನಾಲ್ಕು ಪದರು ಮಾಡಿ ಎರಡು ತುಂಡು ಪಟ್ಟಿ ಹೊಲಿದಳು. ಚಿಕ್ಕದಕ್ಕೆ ಹಳೆಯ ಬಕಲ್ಲು ಕೂಡಿಸಿದಳು. ಉದ್ದದ್ದಕ್ಕೆ ತೂತಿನ ಬದಲು ಐದು ಕಾಜಾ ಹಾಕಿದಳು, ಕುಪ್ಪಸದ ಗುಂಡಿಗೆ ಹಾಕುತ್ತಾರಲ್ಲ, ಹಾಗೆ, ಸೂಜಿಯಿಂದ ಒಂದೊಂದೇ ಎಳೆ ಸುತ್ತಿ. ಅಪ್ಪ ಒಂದೇ ಒಂದು ದಿನ ಕಟ್ಟಿಕೊಂಡು ಹೋದ. ಸಂಜೆ ಬಂದವನು ಬಿಚ್ಚಿ ಗೂಟಕ್ಕೆ ಹಾಕಿದ.

"ಯಾಕ್ರಿ, ಬಿಗಿ ಆತೇನ?" ಅಂದಳು ಅವ್ವ.

"ಬಿಗಿ ಏನಿಲ್ಲ. ಮಿಲ್ಲಿನ್ಯಾಗ ಎಲ್ಲಾರೂ ನಗಾಕತ್ತಿದ್ರು. ಬಸಣ್ಣ ಹೇಂತಿ ಕುಪ್ಪಸಾ ಕೈಗೆ ಕಟಗೊಂಡ ಬಂದಾನ, ನಾಳಿ ಸೀರಿ ಸುತಗೊಂಡ ಬರ್ತಾನ ಅಂತ. ಇದು ಮನ್ಯಾಗ ಇರಲಿ ಬಿಡು. ನಿನಗ ಟೈಮ್ ಗೊತ್ತಾಗತೈತಿ."

"ನನಗ್ಯಾಕ ಟೈಮು? ನಿಮ್ಮ ಹೊಟ್ಟಿ ಹಸದ್ರ ಮಧ್ಯಾಹ್ನ, ನಿಮಗ ಸಿಟ್ಟ ಬಂದ್ರ ಸಂಜಿ."

ಅವ್ವ ಹೀಗೆ ಅಂದು ನಕ್ಕಳು. ಅಪ್ಪನೂ ನಕ್ಕ. ಅವರಿಬ್ಬರು ಕೂಡಿ ನಕ್ಕದ್ದು ನನಗೆ ಚೆನ್ನಾಗಿ ನೆನಪಿರುವುದು ಅದೊಂದೇ. ಮುಂದಿನ ಯುಗಾದಿಗೆ ಅವ್ವ ಇರಲಿಲ್ಲ. ಎಂಟು ದಿನದ ಜ್ವರ, ಅಷ್ಟೇ. ಒಂಬತ್ತನೆಯ ದಿನ ಹೊಲಿಗೆ ಮಷೀನಿನ ಸೂಜಿಯ ಕೆಳಗೆ ಯಾರದೋ ಅರ್ಧ ಹೊಲಿದ ಕುಪ್ಪಸ ಹಾಗೇ ಸಿಕ್ಕಿಕೊಂಡು ನಿಂತಿತ್ತು.

ನನ್ನನ್ನು ಸಾಲೆ ಬಿಡಿಸಿದರು. ಬಿಡಿಸಿದರು ಅಂದರೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುಂಜಾನೆ ಅಪ್ಪನಿಗೆ ಬುತ್ತಿ ಕಟ್ಟಬೇಕು, ನೀರು ತುಂಬಬೇಕು, ಬಟ್ಟೆ ಒಗೆಯಬೇಕು. ಇದೆಲ್ಲ ಆಗುವುದರೊಳಗೆ ಸಾಲೆಯ ಗಂಟೆ ಹೊಡೆದು ಹೋಗಿರುತ್ತಿತ್ತು. ಹೀಗೇ ಹೋಗಿ ಹೋಗಿ ನಿಂತಿತು. ಅಪ್ಪ ಎಂಟಕ್ಕೆ ಹೋದರೆ ಸಂಜೆ ಆರೂಕಾಲಿಗೆ ಬರುತ್ತಿದ್ದ. ಪಾಳಿ ಮುಗಿದಾಗ ಕೂಗುವ ಮಿಲ್ಲಿನ ಭೋಂಗಾ ನಮ್ಮ ಮನೆಯ ತನಕ ಕೇಳುತ್ತಿರಲಿಲ್ಲ. ಬಂದರೂ ಅವನು ಮಾತಾಡುವ ಮನುಷ್ಯನಲ್ಲ. ಕೈಕಾಲು ತೊಳೆದು ರೊಟ್ಟಿ, ಬದನೆಕಾಯಿ ಪಲ್ಲೆ, ಹಿಂಡಿ ತಿಂದು ಹೊರಗಿನ ಕಟ್ಟೆಯ ಮೇಲೆ ಕೂತರೆ ಮುಗಿಯಿತು. ಒಗೆಯುವ ಬಟ್ಟೆ ಕೊಡುವಾಗ ಮಾತ್ರ ಬನೀನಿನ ಒಳಗಿಸೆಯನ್ನು ತಾನೇ ತಡವಿ, ಖಾಲಿ ಮಾಡಿ ಕೊಡುತ್ತಿದ್ದ. ಹಗಲೆಲ್ಲ ನಾನು ಮತ್ತು ವಾಚು. ಹೀಗೆಂದರೆ ಈಗಿನವರು ನಗುತ್ತೀರಿ. ಖರೇ ಹೇಳುತ್ತೇನೆ, ಖಾಲಿ ಮನೆಯಲ್ಲಿ ಸಪ್ಪಳ ಮಾಡುವ ವಸ್ತು ಅದೊಂದೇ ಇತ್ತು. ಮುಂಜಾನೆ ಇಪ್ಪತ್ತು ಸುತ್ತು ಚಾವಿ ಕೊಟ್ಟು ಕಿವಿಗೆ ಹಿಡಿದರೆ ಯಾರೋ ಒಳಗೆ ಕೂತು ಪುಟ್ಟ ಪುಟ್ಟ ಹೆಜ್ಜೆ ಹಾಕಿದ ಹಾಗೆ. ಹನ್ನೆರಡಕ್ಕೆ ಅದರ ಮುಂದೆ ಕೂತು ಉಣ್ಣುತ್ತಿದ್ದೆ. ಐದೂವರೆಗೆ ಒಲೆ ಹೊತ್ತಿಸುತ್ತಿದ್ದೆ. ಆರೂ ಹತ್ತಕ್ಕೆ ಮೊದಲ ರೊಟ್ಟಿ ಹಂಚಿಗೆ ಹಾಕಿದರೆ, ಆರೂಕಾಲಿಗೆ ಅಪ್ಪನ ಸೈಕಲ್ಲು ಕಟ್ಟೆಗೆ ತಾಕುವಾಗ ಎರಡನೆಯದು ಉಬ್ಬಿರುತ್ತಿತ್ತು. ಪಕ್ಕದ ಮನೆಯ ಚೆನ್ನಕ್ಕ ಇಣುಕಿ ನೋಡಿ ಛೇಡಿಸುತ್ತಿದ್ದಳು:

"ಏನ ನೀಲಾ, ವಾಚಿನ ಜೋಡಿ ಮಾತಾಡಾಕತ್ತೀಯಲ್ಲ? ಅದೇನ ಅಂತೈತಿ?"

"ಅಪ್ಪ ಬರಾಕ ಇನ್ನ ನಾಕ ತಾಸ ಐತಿ ಅಂತೈತಿ, ಚೆನ್ನಕ್ಕ."

ನಮ್ಮ ಮನೆಯಲ್ಲಿ ಸೋಮವಾರ ಮನೆಯ ಸಾಮಾನಿಗೆಲ್ಲ ವಿಭೂತಿ ಹಚ್ಚುವ ರೂಢಿ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು, ಮೂರು ಬೆರಳಿನಿಂದ ಬಾಗಿಲ ಚೌಕಟ್ಟಿಗೆ, ಬೀಸುವ ಕಲ್ಲಿಗೆ, ಮಷೀನಿಗೆ, ಟ್ರಂಕಿಗೆ, ಸೈಕಲ್ಲಿಗೆ, ಕಡೆಗೆ ವಾಚಿನ ಬೆನ್ನಿಗೆ. ಅವ್ವ ಮಾಡುತ್ತಿದ್ದುದನ್ನು ನಾನು ಮುಂದುವರಿಸಿದೆ. ಬೇರೆ ಸಾಮಾನಿಗೆ ಒಂದು ಸಲ ಎಳೆದರೆ ವಾಚಿಗೆ ಮೂರು ಸಲ ಎಳೆಯುತ್ತಿದ್ದೆ. ಅದು ನನ್ನ ಜೀವ ಆಗಿತ್ತಲ್ಲ, ಅದಕ್ಕೆ. ನೀರು ಇಳಿಯುವಂತೆ, ದಪ್ಪಗೆ. ಒಂದು ಬುಧವಾರ ಮುಂಜಾನೆ ಚಾವಿ ಕೊಟ್ಟರೆ ಗರ್ ಅಂದು ತಿರುಗಿ, ಮುಳ್ಳು ಮಾತ್ರ ಅಲ್ಲೇ ನಿಂತಿತು. ಅಲುಗಾಡಿಸಿದೆ, ಊದಿದೆ, ಎದೆಗೆ ಒತ್ತಿ ಹಿಡಿದು ಕಾಸಿದೆ. ಅವತ್ತು ಸಂಜೆ ಅಪ್ಪ ಬಂದಾಗ ಒಲೆ ಹೊತ್ತಿರಲಿಲ್ಲ.

ಹುಬ್ಬಳ್ಳಿಯ ಪೇಟೆಯಲ್ಲಿ ಒಂದು ಕಪಾಟಿನಷ್ಟೇ ಅಗಲದ ಅಂಗಡಿ ಇಟ್ಟುಕೊಂಡು ವಾಚು ರಿಪೇರಿ ಮಾಡುವ ಮುದುಕರಿದ್ದರು. ದಸ್ತಗೀರ ಸಾಹೇಬರು ಅಂತ. ಮುತ್ಯಾನ ಕಾಲದಲ್ಲಿ ಇವರ ಉಸ್ತಾದರೇ ಈ ವಾಚು ನೋಡುತ್ತಿದ್ದರಂತೆ. ಅಪ್ಪ ನನ್ನನ್ನೂ ಸೈಕಲ್ಲಿನ ಮೇಲೆ ಕೂಡಿಸಿಕೊಂಡು ಹೋದ. ಸಾಹೇಬರು ಖಣದ ಪಟ್ಟಿ ನೋಡಿ ನಗಲಿಲ್ಲ. ಹೆಬ್ಬೆರಳಿನಿಂದ ಆ ಕಾಜಾ ಸವರಿ, ಛಲೋ ಕೈ ಅಂದರು. ಆಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಮುಚ್ಚಳದ ಒಳಮೈಗೆ ಸೂಜಿಯಿಂದ ಗೀರಿದ ಒಂದು ಅರ್ಧಚಂದ್ರ, ಪಕ್ಕದಲ್ಲಿ ಎರಡು ಗೆರೆ. ರಿಪೇರಿ ಮಾಡಿದವರು ತಮ್ಮ ಗುರುತನ್ನು ಅಲ್ಲಿ ಗೀರಿ ಇಡುತ್ತಾರಂತೆ. ಅರ್ಧಚಂದ್ರ ಉಸ್ತಾದರದು, ಎರಡು ಗೆರೆ ಅಂದರೆ ಅವರು ಎರಡು ಸಲ ರಿಪೇರಿ ಮಾಡಿದ್ದು. ಅದನ್ನು ತೋರಿಸುವಾಗ ಸಾಹೇಬರ ದನಿ ಮೆತ್ತಗಾಯಿತು. ಮತ್ತೆ ಒಳಗೆ ಬಗ್ಗಿ ನೋಡಿದವರು ಹುಬ್ಬೇರಿಸಿದರು.

"ಬಸಣ್ಣ, ಬೀಡಿ ಸೇದ್ತೀರೇನು? ಒಳಗ ಬೂದಿ ಐತಿ. ಹಸಿ ಆಗಿ ತುಕ್ಕ ಹಿಡದೈತಿ."

"ಇಲ್ರಿ ಸಾಹೇಬ್ರ, ನಾ ಬೀಡಿ ಮುಟ್ಟಾಂವಲ್ಲ."

ಸಾಹೇಬರು ತಲೆ ಎತ್ತಿ ನನ್ನ ಕಡೆ ನೋಡಿದರು. ನನ್ನ ಹಣೆಯ ಮೇಲಿನ ಮೂರು ಬೆರಳಿನ ವಿಭೂತಿ ನೋಡಿದರು. ನಾನು ಅಂಗೈಯಿಂದ ಹಣೆ ಒರೆಸಿಕೊಂಡೆ. ಅವರು ಮತ್ತೆ ಬಗ್ಗಿ, ಗಾಳಿ ಧೂಳ ಹೊಕ್ಕಿರತೈತಿ ಬಿಡ್ರಿ ಅಂದರು. ಆಮೇಲೆ ಹೇಳಿದರು:

"ಇದರ ಹೊಟ್ಟ್ಯಾಗಿನ ಒಂದ ಕಡ್ಡಿ ಮುರದೈತಿ. ಕೂದಲಕ್ಕಿಂತ ಸಣ್ಣದು. ಹುಬ್ಬಳ್ಳ್ಯಾಗ ಸಿಗೂದಿಲ್ಲ. ಮುಂಬಯಿಗೆ ಕಳಸಬೇಕು."

"ಅಷ್ಟ ದೂರ ಕಳಿಸಿದ್ರ ತಿರಗಿ ಬರತೈತೇನ್ರಿ?"

"ಬರತೈತಿ. ಕಳಿಸಿದಾಂಗ ಬರತೈತೋ ಇಲ್ಲೋ, ಅದಕ್ಕ ನಾ ಹೊಣಿ ಅಲ್ಲ. ಬಸಣ್ಣ, ಹಳೇ ವಾಚು ಅಂದ್ರ ಹಳೇ ಮನುಷ್ಯಾ ಇದ್ದಾಂಗ. ದವಾಖಾನಿಗೆ ಒಬ್ಬನ್ನ ಕಳಿಸಿದ್ರ ಯಾರ್ಯಾರೋ ಮೈಮುಟ್ಟತಾರ. ಡಯಲ್‌ಗೆ ಬಣ್ಣಾ ಬ್ಯಾಡ, ಪಾಲಿಶ್ ಬ್ಯಾಡ, ಮುರದ ಕಡ್ಡಿ ತಿರಗಿ ಕಳಸ್ರಿ ಅಂತ ನಾ ಚೀಟಿ ಬರದು ಇಡ್ತೇನಿ. ನೀವು ಪಟ್ಟಿ ಬಿಚ್ಚಿ ಮನ್ಯಾಗ ಇಟಗೋರಿ. ಹೋದ ಪಟ್ಟಿ ಬರೂದಿಲ್ಲ. ತಿಳೀತಿಲ್ಲೋ, ಬೇಟಿ?"

ಈ ಕಡೆಯ ಮಾತನ್ನು ಅವರು ನನಗೇ ಹೇಳಿದರು. ನಾನು ತಲೆ ಆಡಿಸಿದೆ. ಅವರು ಕೊಟ್ಟ ಸಣ್ಣ ತಗಡಿನ ಡಬ್ಬಿ, ಹತ್ತಿ, ಚೀಟಿ ತೆಗೆದುಕೊಂಡು ಮನೆಗೆ ಬಂದೆವು. ಪಾರ್ಸಲ್ಲಿನ ಬಟ್ಟೆ ಹೊಲಿಯುವ ಕೆಲಸ ನನ್ನದು. ಅವ್ವ ಕಲಿಸಿದ ಕೈ ನನಗಿತ್ತು. ಮರುದಿನ ಮುಂಜಾನೆ ಅಪ್ಪ ಹೊರಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ನಾನು ಪಟ್ಟಿ ಬಿಚ್ಚಿದೆ. ಬಿಚ್ಚಿದ ಮೇಲೆ ವಾಚು ಅಂಗೈಯಲ್ಲಿ ಎಷ್ಟು ಸಣ್ಣದಾಗಿ ಕಂಡಿತೆಂದರೆ, ಎರೆದು ಬಟ್ಟೆ ಹಾಕುವುದಕ್ಕಿಂತ ಮೊದಲು ಕೂಸು ಕಾಣುತ್ತದಲ್ಲ, ಹಾಗೆ. ಅದು ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದ ಮಂದಿಯ ನಡುವೆ, ಮೈಮೇಲೆ ಒಂದು ಅರಿವೆಯೂ ಇಲ್ಲದೆ ಹೋಗಬೇಕಲ್ಲ ಅನ್ನಿಸಿತು. ಅವ್ವನ ಕೈಯ ಹೊಲಿಗೆ ಜೊತೆಗಿದ್ದರೆ ದಾರಿ ತಪ್ಪದೆ ಮನೆಗೆ ಬರುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಹನ್ನೊಂದು ವರ್ಷದ ಹುಡುಗಿಯ ಬುದ್ಧಿ. ಪಟ್ಟಿಯನ್ನು ತಿರುಗಿ ಕೂಡಿಸಿದೆ, ಹತ್ತಿಯಲ್ಲಿ ಸುತ್ತಿದೆ, ಡಬ್ಬಿ ಮುಚ್ಚಿದೆ, ಬಿಳಿ ಮಾದರಪಾಟ ಬಟ್ಟೆ ಹಾಕಿ ಒತ್ತಾಗಿ ಹೊಲಿದೆ. ಅಪ್ಪ ಒಳಗೆ ಬಂದು ಕೇಳಿದ:

"ಪಟ್ಟಿ ತಗದಿಟ್ಟೀಯಿಲ್ಲ?"

"ಹ್ಞೂಂ."

ಅವನು ಅದನ್ನು ಬುತ್ತಿಯ ಚೀಲದಲ್ಲಿ ಇಟ್ಟುಕೊಂಡು ಸಾಹೇಬರ ಅಂಗಡಿಗೆ ಹೋದ. ವಿಳಾಸ ಬರೆದು, ಅರಗಿನ ಮುದ್ರೆ ಒತ್ತಿ, ಪೋಸ್ಟಿಗೆ ಹಾಕುವುದನ್ನು ಅವರಿಬ್ಬರೂ ನೋಡಿಕೊಂಡರು.

ಆಮೇಲಿನ ದಿನಗಳು ನನಗೆ ಒಂದಕ್ಕೊಂದು ಅಂಟಿಕೊಂಡಿವೆ. ಗೂಟ ಖಾಲಿ. ಟೈಮು ಗೊತ್ತಾಗಲು ಗಾಜಿನ ಹಂಚಿನ ಬಿಸಿಲಿಗೆ ಗುರುತು ಹಾಕಿದೆ. ಚೆನ್ನಕ್ಕನನ್ನು ಕೇಳಿ, ಒಲೆ ಹೊತ್ತಿಸಲು ಒಂದು ತಾಸು ಇರುವಾಗ ಬಿಸಿಲಿನ ಚೂರು ಜೋಳದ ಚೀಲದ ಮೇಲೆ ಎಲ್ಲಿರುತ್ತದೆ ಅಂತ ನೋಡಿ ಇದ್ದಿಲಿನಿಂದ ಗೆರೆ ಎಳೆದೆ. ಎರಡು ದಿನ ಸರಿಹೋಯಿತು, ಮೂರನೆಯ ದಿನ ಅಪ್ಪ ಚೀಲವನ್ನೇ ಸರಿಸಿ ಇಟ್ಟಿದ್ದ. ಮೋಡ ಮುಚ್ಚಿದ ದಿನ ಯಾವ ಗುರುತೂ ಇಲ್ಲ. ಬೇಗ ಮಾಡಿಬಿಟ್ಟ ರೊಟ್ಟಿ ಹಪ್ಪಳದ ಹಾಗೆ ಬಿರುಸಾಗುತ್ತಿತ್ತು. ಅಪ್ಪ ಅದನ್ನೇ ಹಾಲಿನಲ್ಲಿ ಮುರಿದು ಹಾಕಿಕೊಂಡು ತಿನ್ನುತ್ತಿದ್ದ, ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಛಲೋ ಇತ್ತು. ಮುಂಬಯಿಯಿಂದ ವಾಚು ಮುಟ್ಟಿತು ಅಂತ ಒಂದು ಕಾರ್ಡು ಬಂತು. ಕಡ್ಡಿ ಹುಡುಕುತ್ತಿದ್ದೇವೆ ಅಂತ ಇನ್ನೊಂದು. ಆಮೇಲೆ ಕಾರ್ಡೂ ನಿಂತಿತು. ನಾನು ಪ್ರತಿ ಸಲ ಆ ಕಾರ್ಡಿನಲ್ಲಿ ಪಟ್ಟಿ ಅನ್ನುವ ಮಾತು ಇದೆಯೇನೋ ಅಂತ ಹುಡುಕುತ್ತಿದ್ದೆ. ಹಿಂದಿ ಅಕ್ಷರ ನನಗೆ ಬಾರದಿದ್ದರೂ ಹುಡುಕುತ್ತಿದ್ದೆ. ಸಾಹೇಬರ ಅಂಗಡಿಯ ಎದುರು ಎಸ್.ಟಿ.ಡಿ. ಬೂತು ಇತ್ತು. ಸಾಹೇಬರು ಗಾಜಿನ ಡಬ್ಬಿಯೊಳಗೆ ನಿಂತು ಮಾತಾಡುವುದನ್ನು ನಾನೂ ಅಪ್ಪನೂ ಹೊರಗೆ ನಿಂತು ನೋಡುತ್ತಿದ್ದೆವು. ಅವರ ಕೈ ಒಮ್ಮೆ ಮೇಲೆ ಹೋಗುತ್ತಿತ್ತು, ಒಮ್ಮೆ ಹಣೆಗೆ ಹೋಗುತ್ತಿತ್ತು. ಹೊರಗೆ ಬಂದು ಪ್ರತಿ ಸಲ ಒಂದೇ ಮಾತು:

"ಇನ್ನ ಹದಿನೈದ ದಿನ ಅಂತ."

ವಾಚು ಹೋಗುವಾಗ ಹೊಲದಲ್ಲಿ ಜೋಳ ಮೊಣಕಾಲಿಗೆ ಬಂದಿತ್ತು. ವಾಚು ಬಂದಿದೆ ಅಂತ ಸಾಹೇಬರು ಹೇಳಿ ಕಳಿಸುವಾಗ ರಾಶಿ ಆಗಿ, ಕಣಿಕೆ ಬಣವೆ ಒಟ್ಟಿದ್ದರು.

ಸಾಹೇಬರು ನಮ್ಮ ಎದುರಿಗೇ ಪಾರ್ಸಲ್ಲು ಬಿಚ್ಚಿದರು. ಒಳಗಿನಿಂದ ಬಂದದ್ದು ಫಳಫಳ ಹೊಳೆಯುವ ಒಂದು ವಾಚು. ಮುಖ ಹೊಸ ಪಿಂಗಾಣಿ ಬಸಿಯ ಹಾಗೆ ಬೆಳ್ಳಗಿತ್ತು. ನಾಲ್ಕರ ಪಕ್ಕದ ಮಚ್ಚೆ ಇಲ್ಲ. ಎರಡೂ ಬದಿಗೆ ಕರಿ ಚರ್ಮದ ಪಟ್ಟಿ.

"ಇದು ನಮ್ಮದಲ್ಲ," ಅಂದೆ.

ಸಾಹೇಬರು ಮುಚ್ಚಳ ತೆಗೆದರು. ಅರ್ಧಚಂದ್ರ ಇತ್ತು, ಎರಡು ಗೆರೆ ಇದ್ದವು, ಪಕ್ಕದಲ್ಲಿ ಮುಂಬಯಿಯವರು ಗೀರಿದ ಹೊಸದೊಂದು ಗುರುತು ಹೊಳೆಯುತ್ತಿತ್ತು. ನಮ್ಮದೇ. ಅವರು ಒಳಗಿನ ಕಾಗದ ಓದಿ ಬೇಜಾರಾದರು.

"ಡಯಲ್ ಹಳದಿ ಆಗಿತ್ತು, ಹೊಸಾ ಬಣ್ಣಾ ಹಚ್ಚೇವಿ, ಪಾಲಿಶ್ ಮಾಡೇವಿ, ಹೊಸಾ ಪಟ್ಟಿ ಹಾಕೇವಿ, ಖುಷಿಯಿಂದ ಅಂತ ಬರದಾರ. ಬ್ಯಾಡ ಅಂತ ನಾ ಎರಡ ಸಲ ಬರದಿದ್ದೆ, ಬಸಣ್ಣ. ಉಪಕಾರ ಮಾಡೇವಿ ಅಂತ ತಿಳದಾರ."

ನಾನು ಪಾರ್ಸಲ್ಲಿನ ಹತ್ತಿಯನ್ನು ಬಿಡಿಸಿ ನೋಡುತ್ತಿದ್ದೆ. ಡಬ್ಬಿಯನ್ನು ಬೋರಲು ಹಾಕಿದೆ. ಮುರಿದ ಕಡ್ಡಿ ಮಡಚಿದ ಕಾಗದದಲ್ಲಿ ಬಂದಿತ್ತು, ನಿಂಬೆಹಣ್ಣಿನೊಳಗಿನ ಒಂದು ಎಸಳಿನಷ್ಟೂ ಇರಲಿಲ್ಲ. ಖಣ ಬಂದಿರಲಿಲ್ಲ.

"ಏನ ಹುಡಕ್ತಿ ಬೇಟಿ?"

"ಏನಿಲ್ರಿ."

ಸಾಹೇಬರು ಅಪ್ಪನ ಮುಖ ನೋಡಿದರು. ಅಪ್ಪ ರಸ್ತೆ ನೋಡುತ್ತಿದ್ದ. ಆಮೇಲೆ ವಾಚು ತೆಗೆದುಕೊಂಡು, ನನ್ನ ಕೈಗೆ ಕೊಡುತ್ತಾನೆ ಅಂತ ನಾನು ಕೈ ಚಾಚಿದ್ದರೂ, ತನ್ನ ಮಣಿಕಟ್ಟಿಗೆ ಕಟ್ಟಿಕೊಂಡ. ಇಷ್ಟು ಒಪ್ಪವಾದ ವಾಚು ಗೂಟಕ್ಕೆ ಯಾಕೆ ತೂಗಬೇಕು. ಕರಿ ಪಟ್ಟಿಗೆ ಮಿಲ್ಲಿನಲ್ಲಿ ಯಾರು ನಗುತ್ತಾರೆ. ಮರುದಿನದಿಂದ ಎಂಟಕ್ಕೆ ಅಪ್ಪನ ಜೊತೆ ವಾಚೂ ಹೋಗತೊಡಗಿತು.

ಇದೊಂದು ಆಗುತ್ತದೆ ಅಂತ ನಾನು ಎಣಿಸಿಯೇ ಇರಲಿಲ್ಲ. ವಾಚು ಮುಂಬಯಿಯಲ್ಲಿದ್ದಾಗ ಬರುತ್ತದೆ ಅನ್ನುವುದೊಂದು ಇತ್ತು. ಈಗ ಬಂದಾಗಿತ್ತು. ಕಾಯುವುದಕ್ಕೂ ಏನೂ ಉಳಿಯಲಿಲ್ಲ. ಮಧ್ಯಾಹ್ನ ಉಣ್ಣುವುದನ್ನು ಬಿಟ್ಟೆ, ಯಾರ ಮುಂದೆ ಕೂತು ಉಣ್ಣಲಿ. ಚೆನ್ನಕ್ಕ ಕರೆದರೂ ಹೋಗುತ್ತಿರಲಿಲ್ಲ. ಅವಳ ಮನೆಯಲ್ಲಿ ಮಕ್ಕಳು, ಅತ್ತೆ, ನಾದಿನಿ, ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು. ಅಲ್ಲಿಂದ ಎದ್ದು ನಮ್ಮ ಮನೆಗೆ ಬಂದರೆ ಕಿವಿಯೊಳಗೆ ಸುಂಯ್ ಅನ್ನುತ್ತಿತ್ತು. ಪಟ್ಟಿ ಎಲ್ಲಿ ಅಂತ ಅಪ್ಪ ಇವತ್ತು ಕೇಳುತ್ತಾನೆ, ನಾಳೆ ಕೇಳುತ್ತಾನೆ ಅಂತ ಹೆದರಿ ಹೆದರಿ ಅವನು ಮನೆಯಲ್ಲಿದ್ದಾಗಲೂ ನಾನು ಅಡುಗೆಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಅವನು ಕೇಳಲೇ ಇಲ್ಲ. ಸೋಮವಾರ ಬಂದರೂ ವಿಭೂತಿ ಗಟ್ಟಿ ಮುಟ್ಟಲಿಲ್ಲ. ಹಚ್ಚುವುದನ್ನೇ ನಿಲ್ಲಿಸಿಬಿಟ್ಟೆ.

ಒಂದು ಸೋಮವಾರ ಮಷೀನು ಕೆಟ್ಟು ಮಿಲ್ಲಿಗೆ ರಜೆ ಕೊಟ್ಟರು. ಅಪ್ಪ ಜಳಕ ಮಾಡಿ ಪೂಜೆ ಮುಗಿಸಿ ಬಾಗಿಲಲ್ಲಿ ನಿಂತ. ಚೌಕಟ್ಟನ್ನು ಬೆರಳಿನಿಂದ ಸವರಿದ.

"ಯಾಕ ನೀಲಾ, ಚೌಕಟ್ಟ ಬೋಳ ಐತಿ? ಬೀಸೂಕಲ್ಲಿಗೂ ಹಚ್ಚಿಲ್ಲ. ಎಷ್ಟ ಸೋಮವಾರ ಆತು?"

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ಹಿಟ್ಟಿನಲ್ಲೇ ನಿಂತಿತು.

"ನಾ ಹಚ್ಚೂದಿಲ್ಲಪ್ಪ. ನಾ ಹಚ್ಚಿದ್ದಕ್ಕ ವಾಚ್ ಸತ್ತು ಹೋತು. ಬೂದಿ ನಂದು. ಪಟ್ಟೀನೂ ನಾ ಬಿಚ್ಚಿ ಇಡಲಿಲ್ಲ. ಅದರ ಜೋಡೀನ ಹೊಲದ ಕಳಿಸಿದೆ. ಅವ್ವನ ಪಟ್ಟಿ ನಾನ ಕಳದೆ."

ಒಂದೇ ಉಸಿರಿಗೆ ಹೇಳಿದೆ. ಹೊಡೆದರೆ ಹೊಡೆಯಲಿ ಅಂತ ಕಣ್ಣು ಮುಚ್ಚಿಕೊಂಡಿದ್ದೆ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅಪ್ಪ ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ, ರೊಟ್ಟಿಯನ್ನು ತಾನೇ ಬರಿಗೈಯಿಂದ ತೆಗೆದು ಬುಟ್ಟಿಗೆ ಹಾಕಿದ.

"ನಿಮ್ಮವ್ವನೂ ವಾಚಿಗೆ ಹಚ್ಚತಿದ್ಲು. ಹಚ್ಚಿದ ಮ್ಯಾಲೆ ಸೆರಗಿಂದ ಒರಸ್ತಿದ್ಲು. ನೀ ಹಚ್ಚೂದ ನೋಡಿದ್ದಿ, ಒರಸೂದ ನೋಡಿಲ್ಲ. ಅಷ್ಟ ಹೇಳಿಕೊಡೂದ ಬಿಟ್ಟು ಹೋದ್ಲು ಆಕಿ."

ಹೀಗೆ ಹೇಳಿ ಅಂಗಿಯ ಒಳಗೆ ಕೈ ಹಾಕಿದ. ಬನೀನಿನ ಒಳಗಿಸೆಯಿಂದ ತೆಗೆದು ಹಿಟ್ಟಿನ ಪರಾತದ ಅಂಚಿಗೆ ಇಟ್ಟ. ಹಸಿರು ಖಣ, ಕೆಂಪು ಅಂಚು, ಎರಡು ತುಂಡು. ನಾನು ಅದನ್ನು ಮುಟ್ಟಲಿಲ್ಲ. ಮುಟ್ಟಿದರೆ ಮಾಯವಾಗುತ್ತದೆ ಅನ್ನಿಸಿತು.

"ಅವತ್ತ ಸಾಹೇಬ್ರು ಪಾರ್ಸಲ್ ಒತ್ತಿ ನೋಡಿ, ಡಬ್ಬಿ ಭಾಳ ತುಂಬೈತಿ, ಬಿಚ್ಚೂಣ ಅಂದ್ರು. ಹೊಲಗಿ ಬಿಚ್ಚಿದ್ರ ಇದು ಇತ್ತು. ಅವರ ತಗದ ನನ್ನ ಕೈಯಾಗ ಕೊಟ್ರು. ತಂದು ನಿನಗ ಕೊಡಬೇಕಿತ್ತು."

"ಮತ್ತ ಯಾಕ ಕೊಡಲಿಲ್ಲಪ್ಪ?"

ಅಪ್ಪ ಒಲೆಯ ಕಟ್ಟಿಗೆಯನ್ನು ಒಳಗೆ ಸರಿಸಿದ.

"ಆಕಿ ಸೀರಿ ಎಲ್ಲಾ ನಿನ್ನ ಟ್ರಂಕಿನ್ಯಾಗ ಹೋದ್ವು. ಬಳಿ ನಿನಗಾದ್ವು. ಮಷೀನ್ ನಿಂದ. ನಾ ಗಂಡಸು, ಏನಂತ ಕೇಳ್ಲಿ? ಆಕಿ ಇದ್ದಾಗ ಒಂದ ದಿನಾ ಕಟಗೊಂಡೆ, ಯಾರೋ ನಕ್ಕರಂತ ಬಿಚ್ಚಿಟ್ಟೆ. ಅದಕ್ಕ ಹತ್ರ ಇಟಗೊಂಡೆ. ನೀ ಅದನ್ನ ಕಳದೇನಿ ಅಂತ ಕೊರಗಾಕತ್ತೀ ಅಂತ ನನಗ ಹೊಳೀಲಿಲ್ಲ ನೋಡು. ನಿನ್ನ ಮಾರಿ ನೋಡಬೇಕಿತ್ತು ನಾನು. ನೋಡಲಿಲ್ಲ."

ಅಷ್ಟು ಮಾತನ್ನು ಅಪ್ಪ ಒಮ್ಮೆಲೇ ಆಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಆ ಮನೆಯಲ್ಲಿ ನಾನೊಬ್ಬಳೇ ಒಂಟಿ ಅಂದುಕೊಂಡಿದ್ದೆ. ಅಷ್ಟು ತಿಂಗಳು ಅದೇ ಎರಡು ಖೋಲಿಯಲ್ಲಿ, ಒಂದೇ ಬುಟ್ಟಿಯ ರೊಟ್ಟಿ ತಿನ್ನುತ್ತ, ಇನ್ನೊಬ್ಬರೂ ಇದ್ದರು. ಅಪ್ಪ ಬಕಲ್ಲಿನ ಚಿಕ್ಕ ತುಂಡನ್ನು ತಿರುಗಿ ಕಿಸೆಗೆ ಹಾಕಿಕೊಂಡ. ಕಾಜಾದ ಉದ್ದ ತುಂಡನ್ನು ನನ್ನ ಕಡೆ ಸರಿಸಿದ. ಆಮೇಲೆ ಮಣಿಕಟ್ಟಿನಿಂದ ವಾಚು ಬಿಚ್ಚಿ, ಎದ್ದು ಹೋಗಿ ಗೂಟಕ್ಕೆ ಹಾಕಿದ.

"ಇದು ಇಲ್ಲೇ ಇರಲಿ. ಮಿಲ್ಲಿನ್ಯಾಗ ಭೋಂಗಾ ಐತಿ, ನನಗ್ಯಾಕ ವಾಚು. ಹೋಗು, ವಿಭೂತಿ ತೇದ ತಾ. ಹಚ್ಚಿ ಒರಸೂಣು."

ಇಬ್ಬರೂ ಕೂಡಿ ಹಚ್ಚಿದೆವು. ಅವನು ಹಚ್ಚುತ್ತ ಹೋದ, ನಾನು ಹಿಂದಿನಿಂದ ಒರೆಸುತ್ತ ಹೋದೆ. ಮರುದಿನ ಅವನು ಮಿಲ್ಲಿಗೆ ಹೋದ ಮೇಲೆ ಮನೆ ಮೊದಲಿನ ಹಾಗೇ ಖಾಲಿ ಆಯಿತು. ಆ ಖಾಲಿತನ ಏನೂ ಹೋಗಲಿಲ್ಲ, ನನ್ನ ಲಗ್ನ ಆಗುವ ತನಕ ಅಲ್ಲೇ ಇತ್ತು. ಆದರೆ ಸಂಜೆ ಕಟ್ಟೆಯ ಮೇಲೆ ಅಪ್ಪನ ಪಕ್ಕದಲ್ಲಿ ನಾನೂ ಹೋಗಿ ಕೂರತೊಡಗಿದೆ.

ಅಪ್ಪ ಹೋಗಿ ಬಹಳ ವರ್ಷವಾದವು. ಮಣ್ಣು ಕೊಡುವ ಮೊದಲು ಜನ ಮೈಮೇಲಿನ ಅಂಗಿ ತೆಗೆಯಲು ಬಂದಾಗ, ಬನೀನು ಇರಲಿ ಅಂತ ನಾನು ಹಟ ಹಿಡಿದೆ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಚಿಕ್ಕ ತುಂಡು ಅವನ ಜೊತೆಗೇ ಹೋಯಿತು. ಉದ್ದ ತುಂಡು ನನ್ನ ಟ್ರಂಕಿನ ತಳದಲ್ಲಿ, ಅವ್ವನ ಸೀರೆಯ ಮಡಿಕೆಯೊಳಗೆ ಇಷ್ಟು ವರ್ಷ ಇತ್ತು. ವಾಚಿಗೆ ಅದನ್ನು ತಿರುಗಿ ಕೂಡಿಸಲು ಮನಸ್ಸು ಬರಲಿಲ್ಲ. ಅರ್ಧ ಪಟ್ಟಿಯ ವಾಚನ್ನು ಯಾರು ಕಟ್ಟಿಕೊಳ್ಳುತ್ತಾರೆ.

ಹೋದ ವಾರ ಮಗಳು, ಅವ್ವಾ, ಕೂಸಿಗೆ ಥಂಡಿ ಆಗತೈತಿ, ಒಂದ ಕುಂಚಿಗಿ ಹೊಲದು ಕೊಡು ಅಂದಳು. ಅಂಗಡಿಯಲ್ಲಿ ಉಣ್ಣೆಯ ಟೊಪ್ಪಿಗೆ ಬೇಕಾದಷ್ಟಿವೆ, ಆದರೆ ತಲೆ, ಕಿವಿ, ಬೆನ್ನು ಮೂರೂ ಮುಚ್ಚಬೇಕೆಂದರೆ ನಮ್ಮ ಕಡೆಯ ಕುಂಚಿಗೆಯೇ ಆಗಬೇಕು. ಹೊಸ ಖಣ ತಂದೆ, ಅದೇ ಹಸಿರು, ಅದೇ ಕೆಂಪಂಚು. ಅವ್ವನ ಮಷೀನಿಗೆ ಎಣ್ಣೆ ಬಿಟ್ಟೆ. ಗದ್ದದ ಕೆಳಗೆ ಕಟ್ಟುವ ಪಟ್ಟಿಯ ಜಾಗಕ್ಕೆ ಬಂದಾಗ ಎದ್ದು ಹೋಗಿ ಟ್ರಂಕು ತೆಗೆದೆ. ಅವ್ವ ಹೊಲಿದ ಐದೂ ಕಾಜಾ ಒಂದು ಎಳೆಯೂ ಬಿಚ್ಚಿಕೊಳ್ಳದೆ ಗಟ್ಟಿಯಾಗಿದ್ದವು. ಒಂದು ಬದಿಗೆ ಪಟ್ಟಿ, ಇನ್ನೊಂದು ಬದಿಗೆ ಒಂದು ಮುತ್ತಿನ ಗುಂಡಿ ಹಚ್ಚಿದೆ. ಇವತ್ತು ಕೂಸಿಗೆ ನೀರೆರೆದು, ಲೋಬಾನದ ಹೊಗೆ ಹಾಕಿ, ಕುಂಚಿಗೆ ತೊಡಿಸಿ, ಮೊದಲನೆಯ ಕಾಜಾಕ್ಕೆ ಗುಂಡಿ ಹಾಕಿದರೆ ಸರಿಯಾಗಿ ಕೂತಿತು. ಕೂಸು ನನ್ನ ಮಾರಿಯನ್ನೇ ನೋಡುತ್ತಿತ್ತು. ಬೆಳೆದ ಹಾಗೆ ಎರಡನೆಯದಕ್ಕೆ ಹಾಕಿದರಾಯಿತು. ಇನ್ನೂ ನಾಲ್ಕು ಇವೆ.